ನಾಲ್ಕನೇ ಕೋಷ್ಟಕದ ಒಂಟಿ ಕೀಲು

ಕಚೇರಿಯವರು ಅವನಿಗೆ ಇಟ್ಟ ಹೆಸರು ಹಾನಿಯಪ್ಪ. ಎದುರಿಗೆ ಹಾಗೆ ಕರೆಯಲು ಯಾರಿಗೂ ಅಂಜಿಕೆಯೇನೂ ಇರಲಿಲ್ಲ. ಆದರೆ ಕರೆದರೆ ಅವನು ಕಡತದಿಂದ ತಲೆಯೆತ್ತಿ, “ಸಾಧಾರಣ ಹಾನಿನೋ, ಗಂಭೀರ ಹಾನಿನೋ?” ಎಂದು ಮುಖ ಗಂಟಿಕ್ಕಿ ಕೇಳಿ ತಮಾಷೆಯ ರುಚಿಯನ್ನೇ ಕೆಡಿಸಿಬಿಡುತ್ತಿದ್ದ. ಹಾಗಾಗಿ ಹೆಸರು ಬೆನ್ನ ಹಿಂದೆಯೇ ಉಳಿಯಿತು, ಇಪ್ಪತ್ತಾರು ವರ್ಷ ಉಳಿಯಿತು.

ಅವನ ಕೆಲಸವೇ ಹಾನಿ ಅಳೆಯುವುದು. ಹೊರದೇಶದ ಯಾವುದೋ ಸರಕು ಒಮ್ಮೆಗೇ ಬಂದರಿನಲ್ಲಿ ಬಂದು ರಾಶಿ ಬೀಳತೊಡಗಿದರೆ, ಒಳಗಿನ ಕಾರ್ಖಾನೆಯವರು ಬಾಯಿ ಬಾಯಿ ಬಡಿದುಕೊಂಡು ಇಲಾಖೆಗೆ ಓಡಿಬರುತ್ತಾರೆ. ಸುಂಕ ಹಾಕಿ, ನಮ್ಮನ್ನು ಉಳಿಸಿ ಎನ್ನುತ್ತಾರೆ. ಅಳುವ ಮಗುವಿಗೆ ಹಾಲು ಎಂಬ ನ್ಯಾಯ ಮನೆಯೊಳಗೆ ನಡೆದೀತು. ದೇಶ ದೇಶಗಳ ನಡುವೆ ಮಾತ್ರ, ಅಳು ನಿಜವೇ, ಕಣ್ಣೀರು ಎಷ್ಟು ಬಂತು, ಅದು ಆಮದಿನಿಂದಲೇ ಬಂತೋ ಈರುಳ್ಳಿ ಹೆಚ್ಚಿದ್ದರಿಂದ ಬಂತೋ ಎಂದು ಅಳೆದು ತೋರಿಸಬೇಕೆಂದು ಒಪ್ಪಂದವಿದೆ. ತನಿಖೆ ಶುರುವಾದಾಗ ಒಂದು ಪತ್ರ, ಹಾನಿ ಕಂಡುಬಂದಾಗ ಒಂದು ಪತ್ರ, ಸುಂಕ ಹಾಕಿದಾಗ ಇನ್ನೊಂದು. ಎಲ್ಲವೂ ಕಡಲಾಚೆಯ ಒಂದು ಸಮಿತಿಗೆ ಹೋಗಬೇಕು. ಆ ಸಮಿತಿ ವರ್ಷಕ್ಕೆರಡು ಸಲ ಸೇರುತ್ತದೆ. ನೂರಕ್ಕೂ ಹೆಚ್ಚು ದೇಶಗಳ ಪ್ರತಿನಿಧಿಗಳು ಕಿವಿಗೆ ಅನುವಾದದ ಯಂತ್ರ ಸಿಕ್ಕಿಸಿಕೊಂಡು ಕೂತು ಒಬ್ಬರ ಅಳುವನ್ನು ಇನ್ನೊಬ್ಬರು ಪರೀಕ್ಷೆ ಮಾಡುತ್ತಾರೆ. ಹೋದ ವರ್ಷ ತಾವೂ ಹೀಗೇ ಅತ್ತಿದ್ದನ್ನು ಆ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ.

ಈ ಪತ್ರಗಳನ್ನೆಲ್ಲ ಬರೆಯುವವನು ಹಾನಿಯಪ್ಪ. ಮೂರನೇ ಮಹಡಿಯ ಕಾರಿಡಾರು ಮುಗಿಯುವಲ್ಲಿ, ‘ದುರಸ್ತಿಯಲ್ಲಿದೆ’ ಎಂಬ ಬೋರ್ಡು ಹಳದಿಯಾಗಿಹೋದ ಲಿಫ್ಟಿನ ಪಕ್ಕ ಅವನ ಕೋಣೆ. ಒಂದು ಮೇಜು, ಅದರ ಕುಂಟು ಕಾಲಿನ ಕೆಳಗೆ ಮಡಿಸಿಟ್ಟ ಹಳೆಯ ಅಧಿಸೂಚನೆ. ಸರ್ಕಾರದ ಕಾಗದಗಳಲ್ಲಿ ನಿಜವಾಗಿ ಯಾರಿಗಾದರೂ ಆಸರೆಯಾದದ್ದು ಅದೊಂದೇ ಎಂದು ಅವನೇ ಹೇಳುತ್ತಿದ್ದ. ಬಾಗಿಲು ಮುಚ್ಚದ ಸ್ಟೀಲ್ ಬೀರು, ಅರ್ಧ ತೆರೆಯುವ ಕಿಟಕಿ, ಆಚೆ ಸ್ಕೂಟರುಗಳ ಸಾಲು. ಒಬ್ಬನ ಆಯಸ್ಸು ಕಳೆಯಲು ಇಷ್ಟು ಸಾಕು.

ಅವನ ಅಪ್ಪ ಪೇಟೆಬೀದಿಯಲ್ಲಿ ತಕ್ಕಡಿ ರಿಪೇರಿ ಮಾಡುತ್ತಿದ್ದ. ಅಂಗಡಿಯವರು ಬಂದು, “ಸ್ವಲ್ಪ ನಮ್ಮ ಕಡೆಗೆ ವಾಲೋ ಹಾಗೆ ಮಾಡ್ಕೊಡಿ” ಎಂದು ಕಣ್ಣು ಮಿಟುಕಿಸಿದರೆ ಆತ ತಕ್ಕಡಿಯನ್ನು ಹಾಗೇ ವಾಪಸು ಕೊಡುತ್ತಿದ್ದ. ಬೀದಿಯ ಆಚೆ ತುದಿಯಲ್ಲಿ ಅದೇ ಕೆಲಸ ಮಾಡುತ್ತಿದ್ದ ಇನ್ನೊಬ್ಬ ವಾಲಿಸಿ ಕೊಟ್ಟ, ಮಹಡಿ ಮನೆ ಕಟ್ಟಿಸಿದ. ಹಾನಿಯಪ್ಪನ ಅಪ್ಪ ಮಗನಿಗೆ ಬಿಟ್ಟುಹೋದದ್ದು ಒಂದು ಮಾತು: “ಎಷ್ಟು ಅಂತ ಆಮೇಲೆ ಕೇಳು. ಯಾವುದರ ಲೆಕ್ಕದಲ್ಲಿ ಎಷ್ಟು ಅಂತ ಮೊದಲು ಕೇಳು.” ಪಿತ್ರಾರ್ಜಿತ ಆಸ್ತಿ ಎಂದರೆ ಇದಿಷ್ಟೇ. ಪಾಲು ಕೇಳಲು ಯಾವ ತಮ್ಮನೂ ಬರಲಿಲ್ಲ.

ಮಗ ಆ ಆಸ್ತಿಯನ್ನು ಕಚೇರಿಯಲ್ಲಿ ಬೆಳೆಸಿದ. ಟನ್ನೋ ಕ್ವಿಂಟಲೋ ಬರೆಯದ ಕಾಗದ ಬಂದರೆ ಕೆಂಪು ಶಾಯಿಯಲ್ಲಿ ‘ಯಾವುದರಲ್ಲಿ?’ ಎಂದು ಗೀಚಿ ಹಿಂದಕ್ಕೆ ಅಟ್ಟುತ್ತಿದ್ದ. ಗಾಜಿನ ಲೋಟದವರ ಅರ್ಜಿ ಹೀಗೆ ಮೂರು ಸಲ ವಾಪಸು ಹೋಗಿ, ನಾಲ್ಕನೇ ಸಲ ಬರುವ ಹೊತ್ತಿಗೆ ಆ ಕಾರ್ಖಾನೆಯೇ ಮುಚ್ಚಿತ್ತು. ಇಂಥ ಮನುಷ್ಯ ಒಂದು ಸಲ ಆ ಪ್ರಶ್ನೆ ಕೇಳಲು ಮರೆತ ಎಂದರೆ ನಂಬುವುದು ಕಷ್ಟ. ಮರೆತ. ಕಾರಣ ಒಂದು ಕುರ್ಚಿ. ಆ ಕುರ್ಚಿಗೂ ಮೊದಲು ಅವನ ಷಡ್ಡಕನ ವಿಷಯ ಹೇಳಬೇಕು.

ಹಾನಿಯಪ್ಪನ ಹೆಂಡತಿಯ ಅಕ್ಕನ ಗಂಡ ಬಾಗಿಲ ಕೀಲು ಮಾಡುವ ಕಾರ್ಖಾನೆಯಲ್ಲಿ ಎಣಿಕೆ ಮೇಸ್ತ್ರಿ. ಬಾಗಿಲನ್ನು ಚೌಕಟ್ಟಿಗೆ ಕೂರಿಸಲು ಬಡಗಿಗಳು ‘ಹಿಂಜಸ್’ ಎಂದು ಕೇಳಿ ಕೊಳ್ಳುತ್ತಾರಲ್ಲ, ಅದೇ. ಎರಡು ತಗಡು, ನಡುವೆ ಒಂದು ಕಡ್ಡಿ. ದೇಶದ ಹೆಚ್ಚುಕಡಿಮೆ ಎಲ್ಲ ಕೀಲುಗಳೂ ಆ ಒಂದೇ ಕಾರ್ಖಾನೆಯಿಂದ ಹೊರಡುತ್ತಿದ್ದವು, ಮತ್ತು ಹೊರಡುವ ಮೊದಲು ಮೇಸ್ತ್ರಿಯ ಕಣ್ಣ ಮುಂದೆ ಎಣಿಕೆಯಾಗುತ್ತಿದ್ದವು. ಇಪ್ಪತ್ತೊಂಬತ್ತು ವರ್ಷ ಎಣ್ಣೆಯಲ್ಲಿ ನೆಂದ ಅವನ ಬೆರಳುಗಳ ಕಪ್ಪು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, “ಇದರಲ್ಲಿ ಒಂದು ಕಮ್ಮಿ ಇದೆ” ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಒಂದು ಕಮ್ಮಿಯೇ ಇರುತ್ತಿತ್ತು.

ಮೇಸ್ತ್ರಿ ದೊಡ್ಡ ಗಂಟಲಿನ, ದೊಡ್ಡ ಕೈಯ ಮನುಷ್ಯ. ಯಾರ ಮನೆಗೆ ಹೋದರೂ ಕಿಟಕಿ ಪಕ್ಕದ ಒಳ್ಳೆಯ ಕುರ್ಚಿ ಅವನದೇ. ಹಾನಿಯಪ್ಪನ ಸ್ವಂತ ಮನೆಯಲ್ಲೂ ಅಷ್ಟೇ. ಹಾನಿಯಪ್ಪ ಅಡುಗೆಮನೆಯಿಂದ ಸ್ಟೂಲು ತಂದುಕೊಂಡು ಕೂರುತ್ತಿದ್ದ.

“ನಿನ್ನ ಕೆಲಸ ಏನಯ್ಯಾ? ಕಾಗದ ಬರುತ್ತೆ, ಕಾಗದ ಹೋಗುತ್ತೆ. ಸಾಯಂಕಾಲ ಕೈ ನೋಡ್ಕೊಂಡ್ರೆ ಏನಾದ್ರೂ ಕಾಣುತ್ತಾ? ನನ್ನ ಕೈ ನೋಡು” ಎಂದು ಮೇಸ್ತ್ರಿ ತನ್ನ ಕಪ್ಪು ಬೆರಳುಗಳನ್ನು ಅವನ ಮೂಗಿನ ಮುಂದೆ ಚಾಚುತ್ತಿದ್ದ. ಇಡೀ ಮನೆ ನಗುತ್ತಿತ್ತು. ಹಾನಿಯಪ್ಪನೂ ನಗುತ್ತಿದ್ದ, ಬೇರೆ ದಾರಿಯಿಲ್ಲದೆ. ಹೆಂಡತಿಗೆ ಮಾತ್ರ ಉರಿಯುತ್ತಿತ್ತು. ಅಕ್ಕನ ಗಂಡನ ಎದುರು ತನ್ನ ಗಂಡ ಇಪ್ಪತ್ತೆರಡು ವರ್ಷ ಸ್ಟೂಲಿನ ಮೇಲೆ ಕೂತದ್ದನ್ನು ಯಾವ ತಂಗಿ ಸಹಿಸುತ್ತಾಳೆ?

ಹೀಗಿರುವಾಗ ಹೊರದೇಶದ ಕೀಲು ಬಂತು. ನೋಡಲು ಫಳಫಳ, ಬೆಲೆ ಅರ್ಧ. ವರ್ಷಕ್ಕೆ ಮೂರು ಲಕ್ಷ ಬರುತ್ತಿದ್ದದ್ದು ಎರಡೇ ವರ್ಷದಲ್ಲಿ ಎಂಟು ಲಕ್ಷವಾಯಿತು. ಕೀಲು ಕಾರ್ಖಾನೆಯ ಮಾಲೀಕರು ಒಂದು ಪಾಳಿ ನಿಲ್ಲಿಸಿದರು, ಅರವತ್ತು ಜನರನ್ನು ಮನೆಗೆ ಕಳಿಸಿದರು, ಆಮೇಲೆ ಹೊಸ ಕಾರಿನಲ್ಲಿ ಇಲಾಖೆಗೆ ಬಂದು, ನಾವು ಬೀದಿಪಾಲಾದೆವು ಎಂದು ಅರ್ಜಿ ಕೊಟ್ಟರು.

ಅರ್ಜಿ ತನ್ನ ಮೇಜಿಗೆ ಬಂದ ದಿನವೇ ಹಾನಿಯಪ್ಪ ನಿರ್ದೇಶಕಿ ಮೇಡಂ ಹತ್ತಿರ ಹೋಗಿ ನಿಂತ.

“ಮೇಡಂ, ಈ ಕಾರ್ಖಾನೇಲಿ ನನ್ನ ಷಡ್ಡಕ ಇದ್ದಾರೆ. ನಾನು ಇದನ್ನ ನೋಡೋದು ಸರಿಯಲ್ಲ.”

ಮೇಡಂ ಸಂಬಂಧಿಕರ ಘೋಷಣೆಯ ಫಾರಂ ತೆಗೆದು ಬೆರಳಿಟ್ಟು ಓದಿದರು. “ಅಪ್ಪ, ಅಮ್ಮ, ಹೆಂಡತಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ. ಷಡ್ಡಕ ಅಂತ ಇದರಲ್ಲಿಲ್ಲವಲ್ಲ ರೀ. ಷಡ್ಡಕ ಸಂಬಂಧಾನೇ ಅಲ್ಲ ಸರ್ಕಾರದ ಪ್ರಕಾರ. ಹೋಗಿ, ಕೆಲಸ ನೋಡಿ.”

ಇಪ್ಪತ್ತೆರಡು ವರ್ಷದ ಸ್ಟೂಲನ್ನು ಸರ್ಕಾರ ಒಂದೇ ಮಾತಿನಲ್ಲಿ ರದ್ದು ಮಾಡಿತು. ಹಾನಿಯಪ್ಪ ಸ್ಥಳ ಪರಿಶೀಲನೆಗೆ ಹೊರಟ.

ಕಾರ್ಖಾನೆಯೊಳಗೆ ಕಾಲಿಟ್ಟರೆ ಎಣ್ಣೆಯ ಕಮಟು ಮೂಗಿಗೆ ಹೊಡೆಯುತ್ತದೆ. ಆರು ಪ್ರೆಸ್ಸುಗಳು ತಗಡನ್ನು ಕಚ್ಚಿ ಕಚ್ಚಿ ಉಗುಳುತ್ತಿದ್ದವು. ಉದ್ದನೆಯ ಬೆಂಚಿನಲ್ಲಿ ಹೆಂಗಸರು ಕಡ್ಡಿ ತೂರಿಸಿ, ಕೀಲನ್ನು ಒಮ್ಮೆ ತೆರೆದು ಮುಚ್ಚಿ ಪಕ್ಕಕ್ಕಿಡುತ್ತಿದ್ದರು. ಕೊನೆಯಲ್ಲಿ ಕೂತವರು ಎರಡೆರಡು ಕೀಲುಗಳನ್ನು ಮುಖಕ್ಕೆ ಮುಖ ಕೊಟ್ಟು ದಾರ ಸುತ್ತುತ್ತಿದ್ದರು. ಗೋಡೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದಿನದ ಲೆಕ್ಕ: ಬರೀ ಅಂಕಿ.

ಅಲ್ಲಿ ಮೇಸ್ತ್ರಿ ಮಾಡಿದ್ದೇನು ಗೊತ್ತೇ? ತನ್ನ ಸ್ವಂತ ಕುರ್ಚಿಯನ್ನು, ಇಡೀ ಕಾರ್ಖಾನೆಯಲ್ಲಿ ಕೈಹಿಡಿ ಇದ್ದ ಒಂದೇ ಕುರ್ಚಿಯನ್ನು, ಎಳೆದು ತಂದು, ಕರವಸ್ತ್ರದಿಂದ ಒರೆಸಿ, ಎಲ್ಲರೆದುರು, “ಕೂತ್ಕೊಳ್ಳಿ ಸಾಹೇಬ್ರೇ” ಎಂದ.

ಸಾಹೇಬ್ರೇ! ‘ಏನಯ್ಯಾ’ ಹೋಗಿ ‘ಸಾಹೇಬ್ರೇ’ ಬಂದಿತ್ತು. ಹಾನಿಯಪ್ಪ ಕೂತ. ಕೂತ ತಕ್ಷಣ ಬೆನ್ನು ನೆಟ್ಟಗಾಯಿತು, ಎದೆ ಅಗಲವಾಯಿತು, ತಲೆ ಖಾಲಿಯಾಯಿತು. ಕುರ್ಚಿ ಸಿಕ್ಕಿದ ಮನುಷ್ಯನಿಗೆ ಪ್ರಶ್ನೆ ಮರೆತುಹೋಗುವುದು ಹೊಸದೇನಲ್ಲ. ದೊಡ್ಡ ದೊಡ್ಡವರಿಗೇ ಆಗುತ್ತದೆ, ಇವನು ಗುಮಾಸ್ತ.

“ವರ್ಷಕ್ಕೆ ಎಷ್ಟು ಆಗುತ್ತೆ?” ಎಂದ, ಕಾಲ ಮೇಲೆ ಕಾಲು ಹಾಕಿಕೊಂಡು.

“ಹತ್ತು ಲಕ್ಷ ಸಾಹೇಬ್ರೇ. ಮೊದಲು ಹದಿನಾಲ್ಕು ಇತ್ತು.”

ಹಾನಿಯಪ್ಪ ತನ್ನ ವರದಿಯ ನಾಲ್ಕನೇ ಕೋಷ್ಟಕದಲ್ಲಿ, ‘ಉತ್ಪಾದನೆ, ಸಂಖ್ಯೆಯಲ್ಲಿ’ ಎಂಬ ಸಾಲಿನ ಎದುರು ಹತ್ತು ಲಕ್ಷ ಎಂದು ಬರೆದುಕೊಂಡ. ಕಾರ್ಖಾನೆಯ ಪುಸ್ತಕವನ್ನು ತರಿಸಿ ತಾಳೆ ನೋಡಿದ. ಅದರಲ್ಲೂ ಹತ್ತು ಲಕ್ಷ. ಅಪ್ಪ ಕಲಿಸಿದ ಮಾತು ಎಣ್ಣೆಯ ವಾಸನೆಯಲ್ಲಿ ಎಲ್ಲೋ ಕೂತು ಬಾಯಿಗೆ ಬರಲೇ ಇಲ್ಲ.

ಆಮೇಲಿನದೆಲ್ಲ ಸಲೀಸು. ನಮ್ಮದು ಹತ್ತು ಲಕ್ಷ, ಹೊರಗಿನದು ಎಂಟು ಲಕ್ಷ. ಕೋಷ್ಟಕ ನೋಡಿದವರಿಗೆ ಕಣ್ಣು ಕತ್ತಲೆ ಬರಬೇಕು, ಬಂತು. ಗಂಭೀರ ಹಾನಿ ಸಿದ್ಧವಾಯಿತು. ‘ಪೂರ್ಣವಾಗಿ ಜೋಡಿಸಿದ ಲೋಹದ ಬಾಗಿಲ ಕೀಲುಗಳ’ ಮೇಲೆ ಮೂರು ವರ್ಷ ಸುಂಕ ಬಿತ್ತು, ವರ್ಷವರ್ಷಕ್ಕೂ ಸ್ವಲ್ಪ ಸ್ವಲ್ಪ ಇಳಿಯುವಂತೆ. ‘ಪೂರ್ಣವಾಗಿ ಜೋಡಿಸಿದ’ ಎಂಬ ಪದಗಳನ್ನು ಹಾನಿಯಪ್ಪನೇ ಸೇರಿಸಿದ್ದು. ಯಾರೂ ಬೆರಳಿಟ್ಟು ತೋರಿಸದ ಹಾಗೆ ಖಚಿತವಾಗಿರಲಿ ಎಂದು. ಮೂರೂ ಪತ್ರಗಳು ಸಮಿತಿಗೆ ಹೋದವು.

ಕಾರ್ಖಾನೆ ನಿಲ್ಲಿಸಿದ್ದ ಪಾಳಿಯನ್ನು ಮತ್ತೆ ಶುರುಮಾಡಿತು. ಮುಂದಿನ ಭಾನುವಾರ ಮೇಸ್ತ್ರಿ ಮನೆಗೆ ಬಂದವನು ಕಿಟಕಿ ಪಕ್ಕದ ಕುರ್ಚಿಯನ್ನು ತೋರಿಸಿ, “ನೀನು ಕೂತ್ಕೋ” ಎಂದ. ತಾನು ಹೋಗಿ ಸ್ಟೂಲು ತಂದುಕೊಂಡ. “ಇನ್ನೂರ ನಲವತ್ತು ಮನೆ ಒಲೆ ಉರೀತಾ ಇದೆ ಅಂದ್ರೆ ಇವನಿಂದ ಕಣೇ” ಎಂದು ಜತೆಗೆ ಬಂದಿದ್ದ ತನ್ನ ಹೆಂಡತಿಗೆ ಹೇಳಿದ. ಹಾನಿಯಪ್ಪನ ಹೆಂಡತಿ ಅಂದು ಅಕ್ಕನ ಮುಖವನ್ನು ಎಷ್ಟು ಸಲ ನೋಡಿದಳೋ, ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದಳು. ಎಲ್ಲರೂ ಅದನ್ನೇ ಕುಡಿದರು. ಹಾನಿಯಪ್ಪನಿಗೆ ಬದುಕಿನಲ್ಲಿ ಅಷ್ಟು ಸಿಹಿಯಾದ ಚಹಾ ಸಿಕ್ಕಿದ್ದು ಅದೊಂದೇ ಬಾರಿ.

ಆರು ತಿಂಗಳು ಕಳೆದ ಮೇಲೆ ಸಮಿತಿಯ ಮೂಲಕ ಒಂದು ಪ್ರಶ್ನೆ ಬಂತು. ಕೇಳಿದ್ದು ಕೀಲು ಮಾಡಿ ಮಾರುವ ಒಂದು ದೂರದ ದೇಶ. ಭಾಷೆಯಲ್ಲಿ ಬೆಣ್ಣೆ, ಒಳಗೆ ಸೂಜಿ. ‘ನಿಮ್ಮ ದೇಶದಲ್ಲಿ ವರ್ಷಕ್ಕೆ ಕಟ್ಟುವ ಮನೆಗಳ ಸಂಖ್ಯೆಯನ್ನು ನೀವೇ ಪ್ರಕಟಿಸಿರುತ್ತೀರಿ. ಅದನ್ನೂ ನಾಲ್ಕನೇ ಕೋಷ್ಟಕವನ್ನೂ ಒಟ್ಟಿಗಿಟ್ಟು ನೋಡಿದರೆ ನಿಮ್ಮಲ್ಲಿ ಹೆಚ್ಚಿನ ಬಾಗಿಲುಗಳು ಒಂದೇ ಕೀಲಿನ ಮೇಲೆ ನಿಂತಿರುವಂತೆ ತೋರುತ್ತದೆ. ಇದು ನಿಮ್ಮ ಕಟ್ಟಡ ಶೈಲಿಯ ವಿಶೇಷವೇ, ಅಥವಾ ಉತ್ಪಾದನೆಯನ್ನು ಬೇರೆ ಅಳತೆಯಲ್ಲಿ ಕೊಡಲಾಗಿದೆಯೇ? ದಯವಿಟ್ಟು ಸ್ಪಷ್ಟಪಡಿಸಿ.’

ಹಾನಿಯಪ್ಪ ಎರಡು ಸಲ ಓದಿದ. ಮೂರನೇ ಸಲ ಓದಬೇಕಾಗಲಿಲ್ಲ. ಬೆಂಚಿನ ಕೊನೆಯಲ್ಲಿ ಮುಖಕ್ಕೆ ಮುಖ ಕೊಟ್ಟು ದಾರ ಸುತ್ತುತ್ತಿದ್ದ ಹೆಂಗಸರು ಕಣ್ಣ ಮುಂದೆ ಬಂದರು. ಎದ್ದು ತನ್ನ ಕೋಣೆಯ ಬಾಗಿಲನ್ನು ನೋಡಿದ. ಮೇಲೊಂದು, ಕೆಳಗೊಂದು. ಇಪ್ಪತ್ತಾರು ವರ್ಷ ಅವೆರಡರ ಪಕ್ಕದಲ್ಲೇ ನಡೆದಾಡಿದ್ದ.

ಸಂಜೆ ನೇರವಾಗಿ ಮೇಸ್ತ್ರಿಯ ಮನೆಗೆ ಹೋದ.

“ಅಣ್ಣಾ, ಆವತ್ತು ಹತ್ತು ಲಕ್ಷ ಅಂದ್ರಲ್ಲ, ಅದು ಒಂಟಿ ಲೆಕ್ಕಾನಾ?”

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಒಂಟಿ? ಒಂಟಿ ಹಿಂಜಸ್ ಇಟ್ಕೊಂಡು ಯಾವನಾದ್ರೂ ಏನ್ ಮಾಡ್ತಾನಯ್ಯಾ? ನಮ್ಮಲ್ಲಿ ಒಂದು ಅಂದ್ರೆ ಒಂದು ಜೋಡಿ. ನಾನು ಸೇರಿದ ದಿನದಿಂದ ಹಾಗೇನೇ. ಪುಸ್ತಕದಲ್ಲೂ ಹಾಗೇ, ಹಲಗೇಲೂ ಹಾಗೇ. ಅದನ್ನೂ ಹೇಳ್ಬೇಕಾ?”

“ಬಂದರಿನೋರು ಒಂಟಿ ಎಣಿಸ್ತಾರಣ್ಣ.”

ನಗು ನಿಂತಿತು. ಮೇಸ್ತ್ರಿ ಎಣಿಕೆಯವನು, ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮದು ಹತ್ತಲ್ಲ, ಇಪ್ಪತ್ತು ಲಕ್ಷ. ಇಪ್ಪತ್ತರ ಮುಂದೆ ಎಂಟು. ಪೆಟ್ಟು ಬಿದ್ದದ್ದು ಸುಳ್ಳಲ್ಲ, ಆದರೆ ಕೋಷ್ಟಕದಲ್ಲಿ ತೋರಿಸಿದಷ್ಟು ಮೂಳೆ ಮುರಿದಿರಲಿಲ್ಲ.

“ಹೇಳಿದ್ರೆ ಏನಾಗುತ್ತೆ?”

“ಸುಂಕ ತೆಗೀಬೇಕಾಗಬಹುದು.”

“ತೆಗೆದ್ರೆ ಪಾಳಿ ನಿಲ್ಲುತ್ತೆ. ಈ ಸಲ ನಂದೂ ಹೋಗುತ್ತೆ ಕಣಯ್ಯಾ, ವಯಸ್ಸಾದೋರ್ನೇ ಮೊದಲು ತೆಗೆಯೋದು.” ಮೇಸ್ತ್ರಿ ಆ ಕಪ್ಪು ಕೈಗಳನ್ನು ಜೋಡಿಸಿದ. ಇಪ್ಪತ್ತೆರಡು ವರ್ಷ ಮೂಗಿನ ಮುಂದೆ ಚಾಚುತ್ತಿದ್ದ ಕೈಗಳು. “ಬಿಟ್ಬಿಡು. ಕೈ ಮುಗೀತೀನಿ.”

ಹಾನಿಯಪ್ಪನಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನಿಸಿತು. ಎದ್ದು ಹೊರಟ.

ಮನೆಯಲ್ಲಿ ಹೆಂಡತಿಗೆ ಸುದ್ದಿ ಆಗಲೇ ಮುಟ್ಟಿತ್ತು. ಅಕ್ಕ ಫೋನಿನಲ್ಲಿ ಅತ್ತಿದ್ದಳು.

“ಏನ್ ಬರೀತೀರಿ?”

“ನಿಜ ಬರೀಬೇಕಲ್ಲ.”

“ನಿಮ್ಮಪ್ಪನ ತಕ್ಕಡಿ ನಮ್ಮಕ್ಕನ ಮನೆ ಒಲೆ ಉರಿಸುತ್ತಾ?” ಎಂದಳು. ಆ ತಕ್ಕಡಿ ಅಪ್ಪನ ಸ್ವಂತ ಮನೆಯ ಒಲೆಯನ್ನೇ ಸರಿಯಾಗಿ ಉರಿಸಿರಲಿಲ್ಲ.

ಮರುದಿನ ಮೇಡಂ ಮುಂದೆ ನಿಂತು, “ಮೇಡಂ, ತಪ್ಪಾಗಿದೆ” ಎಂದ.

“ಯಾರದು?”

“ನಂದೇ.”

ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. ಆ ಕಟ್ಟಡದಲ್ಲಿ ಈ ಮಾತು ಕೇಳಿಬಂದು ಎಷ್ಟೋ ಕಾಲವಾಗಿತ್ತು. “ಛೆ, ಹಾಗೆಲ್ಲ ಅಂದ್ಕೋಬೇಡಿ. ‘ಅಂಕಿಅಂಶ ಗೌಪ್ಯ’ ಅಂತ ಒಂದು ಸಾಲು ಹಾಕಿ ಕಳಿಸಿ. ನಾವು ಹೋದ ವರ್ಷ ಅವರನ್ನ ಕೇಳಿದಾಗ ಅವರೇನ್ ಬರೆದ್ರು? ಗೌಪ್ಯ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

ಹಾನಿಯಪ್ಪ ಗೌಪ್ಯ ಎಂದು ಬರೆಯಲು ಮೂರು ದಿನ ಪ್ರಯತ್ನಿಸಿದ. ಅಷ್ಟು ಸಣ್ಣ ಪದ, ಪೆನ್ನಿನ ತುದಿಗೆ ಬಂದು ನಿಂತುಬಿಡುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಬರೆದರೆ ಅಪ್ಪನ ತಕ್ಕಡಿ ವಾಲುತ್ತದೆ, ಬರೆಯದಿದ್ದರೆ ಮೇಸ್ತ್ರಿ ಕೆಲಸ ಹೋಗಿ ಮನೆ ಸೇರುತ್ತಾನೆ. ಒಂದು ಪ್ರಶ್ನೆ ಕೇಳಲು ಮರೆತದ್ದಕ್ಕೆ ಇಷ್ಟು ಶಿಕ್ಷೆಯೇ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು, ಆ ಕುರ್ಚಿಯ ಮೇಲೂ ಬಂತು. ನಾಲ್ಕನೇ ದಿನ ಬರೆದ: ‘ಉತ್ಪಾದನೆಯ ಅಳತೆ: ಜೋಡಿ. ನಾಲ್ಕನೇ ಕೋಷ್ಟಕದ ಅಂಕಿಗಳನ್ನು ಎರಡರಿಂದ ಗುಣಿಸಿ ಓದತಕ್ಕದ್ದು. ಇದು ಕಾರ್ಖಾನೆಯ ತಪ್ಪಲ್ಲ, ಪರಿಶೀಲಿಸಿದ ಗುಮಾಸ್ತನ ತಪ್ಪು.’

ಮೇಡಂ ಅದನ್ನು ಪೂರ್ತಿ ಓದಿದರು. ಹರಿದು ಹಾಕುತ್ತಾರೆಂದು ಹಾನಿಯಪ್ಪ ಕಾದ. ಒಳಗೊಳಗೆ ಹಾಗಾಗಲಿ ಎಂದೂ ಬೇಡಿಕೊಂಡ. ಮೇಡಂ ಹಸಿರು ಶಾಯಿಯಲ್ಲಿ ಸಹಿ ಹಾಕಿದರು. “ಕಳಿಸಿ. ನಿಮಗೆ ಸಮಾಧಾನ ಆಗೋದಾದ್ರೆ ಕಳಿಸಿ. ಅಲ್ಲಿ ಏನಾಗುತ್ತೆ ಅಂತ ನನಗೆ ಗೊತ್ತು.”

ಅಂದಿನಿಂದ ಮೇಸ್ತ್ರಿ ಮನೆಗೆ ಬರುವುದನ್ನು ಬಿಟ್ಟ. ಅಕ್ಕ ಫೋನು ಮಾಡುವುದನ್ನು ಬಿಟ್ಟಳು. ಹೆಂಡತಿ ಗಂಡನ ಜತೆ ಮಾತಾಡುವುದನ್ನು ಪೂರ್ತಿ ಬಿಡಲಿಲ್ಲ, ಗೋಡೆಯ ಮೂಲಕ ಮಾತಾಡುತ್ತಿದ್ದಳು: “ಊಟಕ್ಕೆ ಇಟ್ಟಿದೆ. ಬೇಕಾದೋರು ಬರಬಹುದು.” ಭಾನುವಾರ ಕಿಟಕಿ ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು. ಹಾನಿಯಪ್ಪನಿಗೆ ಅದರಲ್ಲಿ ಕೂರಲು ಮನಸ್ಸು ಬರುತ್ತಿರಲಿಲ್ಲ, ಸ್ಟೂಲಿನ ಮೇಲೇ ಕೂರುತ್ತಿದ್ದ.

ಸಮಿತಿ ಸೇರಿತು. ಎರಡು ತಿಂಗಳ ಮೇಲೆ ನಡಾವಳಿ ಬಂತು. ಹಾನಿಯಪ್ಪ ಒಂದೊಂದೇ ಪುಟ ತಿರುವಿದ. ಎಂಬತ್ತೇಳನೇ ಪ್ಯಾರಾದಲ್ಲಿ ಅವನ ಕೀಲು ಇತ್ತು. ಪ್ರಶ್ನೆ ಕೇಳಿದ ದೇಶದ ಪ್ರತಿನಿಧಿ ಉತ್ತರಕ್ಕಾಗಿ ವಂದಿಸಿದರು. ತಮ್ಮ ರಾಜಧಾನಿಗೆ ತಿಳಿಸುವುದಾಗಿ ಹೇಳಿದರು. ‘ಸಮಿತಿಯು ಹೇಳಿಕೆಗಳನ್ನು ಗಮನಕ್ಕೆ ತೆಗೆದುಕೊಂಡಿತು.’ ಎಂಬತ್ತೆಂಟನೇ ಪ್ಯಾರಾ ಇನ್ಯಾವುದೋ ದೇಶದ ಹೆಂಚಿನ ವಿಷಯ.

ಅಷ್ಟೇ. ಸುಂಕ ಹೋಗಲಿಲ್ಲ, ಯಾರೂ ಬೈಯಲಿಲ್ಲ, ಒಂದು ಎಚ್ಚರಿಕೆಯ ಪತ್ರವೂ ಬರಲಿಲ್ಲ. ಸಂಸಾರ ಒಡೆದುಕೊಂಡು, ನಿದ್ದೆಗೆಟ್ಟು ಅವನು ಹೇಳಿದ ಸತ್ಯ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಮೂರು ದಿನ ಹೊರಳಾಡಿ ತಡೆದ ಆ ಸುಳ್ಳನ್ನು ಬರೆದಿದ್ದರೂ ಇದೇ ಎಂಬತ್ತೇಳನೇ ಪ್ಯಾರಾ ಬರುತ್ತಿತ್ತು, ಅಕ್ಷರಕ್ಕೆ ಅಕ್ಷರ. ಹಾನಿಯಪ್ಪ ಆ ಪುಟದ ಒಂದು ಪ್ರತಿ ತೆಗೆದು ಮಡಿಸಿ ಅಂಗಿ ಜೇಬಿನಲ್ಲಿಟ್ಟುಕೊಂಡ. ಮೇಸ್ತ್ರಿಗೆ ತೋರಿಸಬೇಕು, ನೋಡಿ ಅಣ್ಣ, ಏನೂ ಆಗಲಿಲ್ಲ ಎನ್ನಬೇಕು.

ಆದರೆ ಅವನು ಹೋಗುವ ಮೊದಲೇ ಬೇರೆಯದು ಆಗಿಹೋಗಿತ್ತು. ಸುಂಕದ ಬೇಲಿಯೊಳಗೆ ಬೆಚ್ಚಗೆ ಕೂತ ಮಾಲೀಕರಿಗೆ ಅಧಿಸೂಚನೆಯನ್ನು ನಿಧಾನವಾಗಿ ಓದಲು ಪುರುಸೊತ್ತು ಸಿಕ್ಕಿತ್ತು. ಸುಂಕ ಇದ್ದದ್ದು ‘ಪೂರ್ಣವಾಗಿ ಜೋಡಿಸಿದ’ ಕೀಲಿಗೆ. ತಗಡು ಬೇರೆ, ಕಡ್ಡಿ ಬೇರೆ ತರಿಸಿದರೆ ಯಾರು ಕೇಳುತ್ತಾರೆ? ಯಾವ ದೇಶದ ಸರಕಿನಿಂದ ತಾವು ಬೀದಿಪಾಲಾದೆವು ಎಂದು ಅತ್ತಿದ್ದರೋ ಅದೇ ದೇಶದಿಂದ ಡಬ್ಬಗಟ್ಟಲೆ ತಗಡು ಬಂತು. ಪ್ರೆಸ್ಸುಗಳನ್ನು ಗುಜರಿಗೆ ಹಾಕಿದರು. ಇಪ್ಪತ್ತು ಜನ ಕಡ್ಡಿ ತೂರಿಸಲು ಉಳಿದರು. ಎಣಿಕೆಗೆ ಒಂದು ಎಲೆಕ್ಟ್ರಾನಿಕ್ ತಕ್ಕಡಿ ತಂದಿಟ್ಟರು. ರಾಶಿ ಸುರಿದರೆ ಇಷ್ಟು ಎಂದು ಕೆಂಪು ಅಂಕಿಯಲ್ಲಿ ತೋರಿಸುತ್ತದೆ. ಮೇಸ್ತ್ರಿಯ ಕುರ್ಚಿಯ ಮೇಲೆ ಈಗ ಅದು ಕೂತಿತ್ತು.

ಒಂದು ಭಾನುವಾರ ಮಧ್ಯಾಹ್ನ ಮೇಸ್ತ್ರಿ ಬಂದ. ಬಾಗಿಲಲ್ಲೇ ನಿಂತ. ಹಾನಿಯಪ್ಪ ಕಿಟಕಿ ಪಕ್ಕದ ಕುರ್ಚಿಯನ್ನು ಎಳೆದುಕೊಟ್ಟ. “ಕೂತ್ಕೊಳ್ಳಿ ಅಣ್ಣ” ಎಂದು ಎರಡು ಸಲ ಹೇಳಬೇಕಾಯಿತು. ಮೇಸ್ತ್ರಿ ಆ ಕುರ್ಚಿಯಲ್ಲಿ ಹೇಳಿಸಿಕೊಂಡು ಕೂತದ್ದು ಅದೇ ಮೊದಲು. ಬೆರಳುಗಳ ಕಪ್ಪು ಆಗಲೇ ಮಾಸತೊಡಗಿತ್ತು.

“ನಿನ್ನ ಕಾಗದ ಕೆಲಸ ಮಾಡ್ತು ನೋಡು” ಎಂದ ಮೇಸ್ತ್ರಿ.

ಹಾನಿಯಪ್ಪನ ಕೈ ಜೇಬಿಗೆ ಹೋಯಿತು. ಎಂಬತ್ತೇಳನೇ ಪ್ಯಾರಾ ಅಲ್ಲೇ ಇತ್ತು. ತೆಗೆದು ತೋರಿಸಿದರೆ ಸಾಕು, ಪಾಪವೆಲ್ಲ ತೊಳೆದುಹೋಗುತ್ತದೆ. ಹೆಂಡತಿ ಗೋಡೆಯನ್ನು ಬಿಟ್ಟು ಅವನ ಜತೆ ಮಾತಾಡುತ್ತಾಳೆ.

“ಎಲ್ರಿಗೂ ಹೇಳಿದೀನಿ” ಎಂದು ಮೇಸ್ತ್ರಿ ಮುಂದುವರಿಸಿದ. “ಚಹಾದಂಗಡೀಲಿ ಕೇಳ್ತಾರೆ, ಏನ್ ಮೇಸ್ತ್ರಿ, ಮಾಲೀಕ ತೆಗೆದ್ನಾ, ತಕ್ಕಡಿ ಬಂದು ನಿಮ್ಮನ್ನ ತೆಗೀತಾ ಅಂತ. ನಾನಂದೆ, ತಕ್ಕಡಿ ಯಾವ ಲೆಕ್ಕ ಹೋಗ್ರೋ. ನನ್ನ ವಿಷಯಕ್ಕೆ ನೂರು ದೇಶ ಸಭೆ ಸೇರಿದ್ವು. ಕಿವಿಗೆ ಮಿಷನ್ ಹಾಕ್ಕೊಂಡು ಕೂತು ನನ್ನ ಎಣಿಕೆ ಬಗ್ಗೆ ಮಾತಾಡಿದ್ರು. ನನ್ನನ್ನ ತೆಗೆದದ್ದು ಅವರು. ಸಾಮಾನ್ಯದೋರಿಗೆ ಆಗುತ್ತಾ ಇದು? ಅಲ್ವೇನಯ್ಯಾ?”

ಹೇಳುತ್ತಾ ಅವನ ದೊಡ್ಡ ಗಂಟಲು ಸ್ವಲ್ಪ ಮರಳಿ ಬಂದಿತ್ತು. ಕಣ್ಣುಗಳು ಮಾತ್ರ ಹಾನಿಯಪ್ಪನ ಮುಖದ ಮೇಲಿದ್ದವು. ಹೌದು ಅನ್ನು ಎಂದು ಬೇಡುತ್ತಿದ್ದವು.

ತಪ್ಪನ್ನು ತಾನಾಗಿ ಒಪ್ಪಿಕೊಂಡದ್ದು ಒಂದು ಸಲ. ಈಗ ಮಾಡದ ತಪ್ಪನ್ನೂ ಒಪ್ಪಿಕೊಳ್ಳಬೇಕಿತ್ತು. ಹಾನಿಯಪ್ಪ ಬರಿಗೈಯನ್ನು ಜೇಬಿನಿಂದ ಹೊರಗೆ ತೆಗೆದ.

“ಹೌದಣ್ಣ. ತುಂಬಾ ಹೊತ್ತು ಚರ್ಚೆ ಆಯ್ತಂತೆ” ಎಂದ.

ಅಪ್ಪನ ಮಗ ಅಷ್ಟು ದೊಡ್ಡ ಸುಳ್ಳು ಹೇಳಿದ್ದು ಜನ್ಮದಲ್ಲಿ ಅದೇ ಮೊದಲು. ನಾಲಿಗೆ ತಡವರಿಸಲೇ ಇಲ್ಲ.

“ನೀನೇ ಕೆಡಿಸಿದ್ದು, ನೀನೇ ಸರಿ ಮಾಡು” ಎಂದ ಮೇಸ್ತ್ರಿ. “ಆ ಸಮಿತಿಗೆ ನನ್ನ ಪರವಾಗಿ ಒಂದು ಕಾಗದ ಬರಿ. ನಾನ್ಯಾರು, ಎಷ್ಟು ವರ್ಷ ಏನ್ ಮಾಡಿದೆ, ಎಲ್ಲಾ ಬರಿ. ಇಂಥ ಮನುಷ್ಯನನ್ನ ತೆಗೆದ್ರಲ್ಲ, ನಿಮಗೆ ನ್ಯಾಯವಾ ಅಂತ ಕೇಳು.”

ಸಮಿತಿ ಸರ್ಕಾರಗಳ ಕಾಗದವನ್ನು ಮಾತ್ರ ತೆಗೆದುಕೊಳ್ಳುತ್ತದೆ, ಮನುಷ್ಯರದನ್ನಲ್ಲ. ಇದು ಹಾನಿಯಪ್ಪನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬಿಳಿ ಹಾಳೆ ತೆಗೆದ, ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ, ಪೆನ್ನಿನ ಮುಚ್ಚಳ ಬಿಚ್ಚಿದ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಬಂದು ನಿಂತಿದ್ದಳು.

“ಸೇವೆ ಇಪ್ಪತ್ತೊಂಬತ್ತು ವರ್ಷ. ಬರ್ದ್ಯಾ? ಎಣಿಸಿದ್ದು...” ಮೇಸ್ತ್ರಿ ಕಣ್ಣು ಮುಚ್ಚಿ ಬೆರಳು ಮಡಿಸಿದ. “ಎಲ್ಲಾ ಸೇರಿ ಮೂರು ಕೋಟಿ ಆಗುತ್ತೆ. ಮೂರು ಕೋಟಿ ಅಂತ ಹಾಕು.”

ಹಾನಿಯಪ್ಪನ ಪೆನ್ನು ನಿಂತಿತು. “ಒಂಟಿನಾ, ಜೋಡಿನಾ ಅಣ್ಣ?”

ಮೇಸ್ತ್ರಿ ಕಣ್ಣು ಬಿಟ್ಟ.

“ಒಂಟಿ ಲೆಕ್ಕ ಹಾಕಿದ್ರೆ ಆರು ಕೋಟಿ. ನೋಡೋದಕ್ಕೆ ದೊಡ್ಡದಾಗಿರುತ್ತೆ” ಎಂದ. ಆಮೇಲೆ ತಲೆಯಾಡಿಸಿದ. “ಬೇಡ. ಜೋಡಿ ಅಂತಲೇ ಬರಿ. ಆವತ್ತೇ ಕೇಳಿದ್ರೆ ಆವತ್ತೇ ಹೇಳ್ತಿದ್ದೆ ಕಣಯ್ಯಾ.”

ಹಾನಿಯಪ್ಪ ‘ಮೂರು ಕೋಟಿ ಜೋಡಿ’ ಎಂದು ಬರೆದ. ಜೋಡಿ ಎಂಬುದರ ಕೆಳಗೆ ಒಂದು ಗೆರೆ ಎಳೆದ. ಹೆಂಡತಿ ಎರಡು ಲೋಟ ಚಹಾ ತಂದು, ಒಂದನ್ನು ಗಂಡನ ಕೈಗೇ ಕೊಟ್ಟಳು.

“ಓದು, ಕೇಳೋಣ” ಎಂದ ಮೇಸ್ತ್ರಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ. ಹಾನಿಯಪ್ಪ ಮೊದಲಿನಿಂದ ಓದತೊಡಗಿದ.